ಇಪ್ಪತ್ತು ಮಂದಿಯ ಆರಾಧನೆ

ಧಾರವಾಡದ ಕಡೆಯ ಒಂದು ಹಳ್ಳಿಯ ಪುಟ್ಟ ದೇವಾಲಯದಲ್ಲಿ, ಒಂದು ಭಾನುವಾರ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ನಾನು ಆ ಸಭೆಯವನಲ್ಲ. ಊರ ಶಾಲೆಯ ಮಾಸ್ತರರು ಕರೆದೊಯ್ದಿದ್ದರು. ಸಭಾಪಾಲಕರಿಗೆ ನಾಲ್ಕಾರು ಊರುಗಳ ಹೊಣೆ. ಅವರು ಬಾರದ ವಾರ ಆರಾಧನೆ ನಡೆಸುವ ಭಾರ ಮಾಸ್ತರರದು. ನೆರೆದವರು ಇಪ್ಪತ್ತು ಮಂದಿ. ಹಾರ್ಮೋನಿಯಂ ಇತ್ತು, ನುಡಿಸುವವರಿರಲಿಲ್ಲ.

ಮಾಸ್ತರರು ಆರಿಸಿದ ಮೊದಲ ಗೀತೆ ಐದು ಚರಣದ್ದು, ಧಾಟಿ ಜರ್ಮನಿಯದು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಹಾಡುತ್ತಿದ್ದವರು ಅವರೂ ಅವರ ಮಡದಿಯೂ ಮಾತ್ರ. ಉಳಿದವರು ಪುಸ್ತಕ ನೋಡುತ್ತ ನಿಂತಿದ್ದರು. ಕಾಣಿಕೆ ಎತ್ತುವ ಹೊತ್ತಿಗೆ ಮುದುಕಿಯೊಬ್ಬಳು ತಾನಾಗಿಯೇ ಒಂದು ಭಜನೆ ಎತ್ತಿಕೊಂಡಳು. ಇಪ್ಪತ್ತು ಬಾಯಿಗಳೂ ತೆರೆದುವು. ಈ ಎರಡು ಹಾಡುಗಳ ನಡುವಣ ಅಂತರವೇ ನನ್ನ ಈ ಬರಹಕ್ಕೆ ಕಾರಣ.

ಭಕ್ತಿಯನ್ನು ಅಳೆಯುವ ಅಧಿಕಾರ ವಿಮರ್ಶಕನಿಗಿಲ್ಲ. ಆದರೆ ಆರಾಧನೆಯ ಕ್ರಮವೂ ನುಡಿಯಿಂದ ಕಟ್ಟಿದ ಕೃತಿ. ಅದಕ್ಕೂ ಆದಿ, ಮಧ್ಯ, ಅಂತ್ಯಗಳುಂಟು; ಅದಕ್ಕೂ ಔಚಿತ್ಯವೆಂಬ ಒರೆಗಲ್ಲುಂಟು. ಕಾವ್ಯವನ್ನು ಒಬ್ಬನೇ ಓದಿ ಸವಿಯಬಹುದು; ಈ ಕೃತಿ ನೆರೆದವರೆಲ್ಲರ ಬಾಯಲ್ಲಿ ಬಂದಾಗಲೇ ಪೂರ್ಣವಾಗುತ್ತದೆ.

ಈ ಭಾಗದ ಸಭೆಗಳು ಸೇರಿರುವ ದಕ್ಷಿಣ ಭಾರತ ಸಭೆ ಸ್ಥಾಪನೆಯಾದುದು 1947ರಲ್ಲಿ. ಅದರ ಕರ್ತನ ಭೋಜನದ ಕ್ರಮ 1950ರಲ್ಲಿ ಮೊದಲು ಬಳಕೆಗೆ ಬಂದಿತು. ಆರಾಧನಾ ಪುಸ್ತಕ 1963ರಲ್ಲಿ ಹೊರಟಿತು. ಅದನ್ನು ರಚಿಸಿದವರ ವಿವೇಕವನ್ನು ಮೆಚ್ಚಲೇಬೇಕು. ಆರಂಭದಲ್ಲಿ ಸತ್ಯವೇದವನ್ನು ಎತ್ತಿ ತರುವ ವಾಡಿಕೆ ಸ್ಕಾಟ್ಲೆಂಡಿನದು. ಸಮಾಧಾನವನ್ನು ಕೈಯಿಂದ ಕೈಗೆ ಸಾಗಿಸುವ ಪದ್ಧತಿ ಕೇರಳದ ಸುರಿಯಾನಿ ಕ್ರೈಸ್ತರಿಂದ ಬಂದುದು. ಪಾದ್ರಿ ಮೇಜಿನ ಹಿಂದೆ, ಜನರಿಗೆ ಮುಖಮಾಡಿ ನಿಲ್ಲುತ್ತಾರೆ. ಜನ ಬರಿಯ ಪ್ರೇಕ್ಷಕರಾಗಿ ಕೂಡದೆ ಮಾತಿಗೆ ಮಾತು ಕೊಡಬೇಕೆಂಬುದು ಈ ಎಲ್ಲ ಏರ್ಪಾಟಿನ ಆಶಯ. ಪುಸ್ತಕ ಅನೇಕ ಕಡೆ ಆಯ್ಕೆಗೂ ಎಡೆಗೊಡುತ್ತದೆ. ಕೊರತೆ ಪುಸ್ತಕದ್ದಲ್ಲ, ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದರೆ ಕರ್ತವ್ಯ ತೀರಿತೆಂದು ತಿಳಿಯುವ ನಮ್ಮ ಅಭ್ಯಾಸದ್ದು.

ಹಾಡಿನ ಮಾತು ಇನ್ನೂ ಸೂಕ್ಷ್ಮ. ಕನ್ನಡದ ಪದ ಮೊದಲ ಅಕ್ಷರದಲ್ಲಿ ಕಾಲೂರಿ ಹೊರಡುತ್ತದೆ. ಯೂರೋಪಿನ ಎಷ್ಟೋ ಧಾಟಿಗಳು ಪೆಟ್ಟು ಬೀಳುವ ಮುನ್ನ ಒಂದು ಹಗುರಾದ ಸ್ವರದಿಂದ ತೊಡಗುತ್ತವೆ. ಎರಡನ್ನೂ ಹೊಲಿದಾಗ ‘ಕರುಣೆ’ ‘ಕರೂಣೆ’ಯಾಗುತ್ತದೆ, ದೇವರ ‘ಬಲ’ ಎಳೆದೆಳೆದು ‘ಬಾಲ’ವಾಗುತ್ತದೆ. ಮುಂದಿನ ಸಾಲಿನ ಹುಡುಗರು ನಕ್ಕರೆ ತಪ್ಪು ಅವರದೇ? ಹ್ರಸ್ವ ದೀರ್ಘಗಳಲ್ಲಿ ಅರ್ಥವನ್ನೇ ಅಡಗಿಸಿಕೊಂಡ ಭಾಷೆ ನಮ್ಮದು.

ಇದನ್ನು ಅರಿಯದವರು ಆ ಪರಂಪರೆಯಲ್ಲಿ ಇರಲಿಲ್ಲವೆಂದಲ್ಲ. ಬಾಸೆಲ್ ಮಿಷನ್ನಿನ ಕಿಟ್ಟೆಲ್ಲರು 1862ರಲ್ಲಿಯೇ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಈ ನಾಡಿನ ಛಂದಸ್ಸಿನಲ್ಲಿ ಹಾಡಿದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಕನ್ನಡ ಛಂದಸ್ಸಿನ ಗ್ರಂಥವನ್ನು ಅಷ್ಟು ಅಕ್ಕರೆಯಿಂದ ಅಚ್ಚಿಗೆ ತಂದವರ ವಾರಸುದಾರರು ಛಂದಸ್ಸನ್ನು ಮರೆತು ಹಾಡುವುದು ಕಂಡಾಗ ಖೇದವಾಗುತ್ತದೆ.

ಹಾಗೆಂದು ಹೊರಗಿನ ಧಾಟಿಯನ್ನೆಲ್ಲ ಹೊರಹಾಕಬೇಕೆನ್ನುವ ಪಕ್ಷ ನನ್ನದಲ್ಲ. ಮೂರು ತಲೆಮಾರು ಹಾಡಿ ಒಗ್ಗಿಸಿಕೊಂಡ ಧಾಟಿ ಪರದೇಶಿಯಾಗಿ ಉಳಿಯುವುದಿಲ್ಲ. ತರಬೇತಾದ ಗಾಯಕವೃಂದವಿರುವ ನಗರದ ಸಭೆಯಲ್ಲಿ ಅದೇ ಗೀತೆ ಗಂಭೀರವಾಗಿ ಕೇಳಿಸೀತು. ಪ್ರಶ್ನೆ ಇಷ್ಟೆ: ಈ ಇಪ್ಪತ್ತು ಮಂದಿ, ಈ ಬೆಳಗ್ಗೆ, ವಾದ್ಯವಿಲ್ಲದೆ ಹಾಡಬಲ್ಲುದು ಯಾವುದು? ಐದು ಚರಣದ ಬದಲು ಎರಡು ಸಾಕು. ವಾಚನಗಳನ್ನು ಹಿಂದಿನ ದಿನವೇ ಇಬ್ಬರಿಗೆ ಹಂಚಿಕೊಟ್ಟರೆ ಓದು ತಡವರಿಸುವುದಿಲ್ಲ. ಊರಿನ ಮಳೆ, ಕಾಯಿಲೆ, ಸಾವುಗಳು ಪ್ರಾರ್ಥನೆಯಲ್ಲಿ ಬರಲಿ. ಒಂದು ಗಳಿಗೆ ಮೌನವೂ ಇರಲಿ.

ಶಾಲೆಯಲ್ಲಿ ಈ ಔಚಿತ್ಯ ಇನ್ನೂ ಬಿಗಿಯಾಗಬೇಕು. ಮಿಷನ್ ಶಾಲೆಯ ಬೆಳಗಿನ ಪ್ರಾರ್ಥನೆಗೆ ನಿಲ್ಲುವವರಲ್ಲಿ ಎಲ್ಲ ಮತದ ಮಕ್ಕಳೂ ಉಂಟು. ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಹೆತ್ತವರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಆರಾಧನೆಗೆ ನಿಲ್ಲಿಸಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಕಾನೂನಿನ ಮಾತು ಒತ್ತಟ್ಟಿಗಿರಲಿ; ತನಗೆ ತಿಳಿಯದ ಪಾಪನಿವೇದನೆಯನ್ನು ಮಗುವಿನ ಬಾಯಲ್ಲಿ ಹೇಳಿಸಿದರೆ ಅದು ಪ್ರಾರ್ಥನೆಯಾಗದು, ಬಾಯಿಪಾಠವಾದೀತು. ಒಳ್ಳೆಯ ಸಮಾರ್ಯದವನ ಕಥೆಯನ್ನು ಸೊಗಸಾಗಿ ಹೇಳಿ, ಸುಮ್ಮನೆ ನಿಲ್ಲಲು ಅರೆನಿಮಿಷ ಕೊಟ್ಟರೆ ಯಾವ ಮನೆಯ ಮಗುವೂ ಅದನ್ನು ಮನೆಗೆ ಒಯ್ಯಬಲ್ಲುದು.

ಅಂದು ಬಸ್ಸಿಗೆ ಕಾಯುತ್ತ ಇದನ್ನೆಲ್ಲ ಮಾಸ್ತರರಿಗೆ ಹೇಳಿದೆ. ಅವರು ಅಂಜುತ್ತ, “ಪುಸ್ತಕದಾಗಿದ್ದದ್ದು ಬಿಟ್ರ ತಪ್ಪಾಗೂದಿಲ್ಲೇನ್ರಿ?” ಎಂದು ಕೇಳಿದರು. ಆ ಅಂಜಿಕೆಯಲ್ಲಿ ಶ್ರದ್ಧೆಯಿತ್ತು, ನಾನು ನಗಲಿಲ್ಲ. “ಮುಂದಿನ ವಾರ ಆ ಅಜ್ಜಿಯನ್ನೇ ಕೇಳಿ, ಮೊದಲ ಹಾಡು ಯಾವುದಿರಲಿ ಎಂದು” ಎಂದೆ. ಪುಸ್ತಕ ಬರೆದವರೂ ಇದಕ್ಕೆ ಬೇಡವೆನ್ನುತ್ತಿರಲಿಲ್ಲವೆಂದು ನನ್ನ ನಂಬಿಕೆ.