ಗ್ಯಾಸ್‌ಲೈಟಿನ ಜೀರ್ಣೋದ್ಧಾರ

ಉದಕಮಂಡಲದ ಕೆಲವು ವಸತಿಗೃಹಗಳ ಮೊಗಸಾಲೆಯಲ್ಲಿ ಹಳೆಯ ಪೆಟ್ರೋಮ್ಯಾಕ್ಸ್ ದೀಪವೊಂದನ್ನು ತೂಗುಹಾಕಿರುವುದುಂಟು. ಅದರ ಹಿತ್ತಾಳೆಯ ಹೊಟ್ಟೆಯನ್ನು ಮುಖ ಕಾಣುವಂತೆ ಉಜ್ಜಿರುತ್ತಾರೆ. ಮ್ಯಾಂಟಲ್ ಇರಬೇಕಾದ ಸ್ಥಾನದಲ್ಲಿ ವಿದ್ಯುತ್ತಿನ ಬಲ್ಬೊಂದು ಮಿನುಗುತ್ತಿರುತ್ತದೆ. ಅದರ ತಂತಿಯನ್ನು ಹಾಯಿಸುವುದಕ್ಕಾಗಿ ಎಣ್ಣೆಯ ಟ್ಯಾಂಕಿಗೆ ಅಡಿಯಿಂದ ತೂತು ಕೊರೆದಿರುತ್ತಾರೆ. ಇದನ್ನು ಕಂಡು ಹರ್ಷಪಡುವ ಪ್ರವಾಸಿಗಳನ್ನು ನಾನು ಆಕ್ಷೇಪಿಸಲಾರೆನಾದರೂ, ಈ ಕೆಲಸಕ್ಕೆ ಜೀರ್ಣೋದ್ಧಾರವೆಂಬ ಹೆಸರನ್ನು ಕೊಟ್ಟಾಗ ಮಾತ್ರ ಸುಮ್ಮನಿರಲು ನನ್ನಿಂದಾಗದು. ಗಾಳಿಯ ಒತ್ತಡವನ್ನು ಹಿಡಿದಿಡುವ ಶಕ್ತಿಯೇ ಪ್ರಾಣವಾಗಿರುವ ಪಾತ್ರೆಯ ಹೊಟ್ಟೆಯನ್ನು ಕೊರೆದವನು ಅದನ್ನು ಕೊಂದಂತೆಯೇ ಸರಿ.

ಬರ್ಲಿನ್ ನಗರದ ಎರಿಷ್ ಮತ್ತು ಗ್ರೇಟ್ಸ್ ಸಂಸ್ಥೆಯವರು ಪೆಟ್ರೋಲಿಯಂ ಎಂಬುದಕ್ಕೆ ತಮ್ಮ ಯಜಮಾನ ಮ್ಯಾಕ್ಸ್ ಗ್ರೇಟ್ಸನ ಹೆಸರನ್ನು ಹೊಂದಿಸಿ ಇಟ್ಟ ನಾಮಧೇಯವನ್ನು ನಮ್ಮ ಜನ ಬದಿಗಿರಿಸಿ ಈ ದೀಪವನ್ನು ಗ್ಯಾಸ್‌ಲೈಟೆಂದು ಕರೆದರು. ಸೀಮೆಎಣ್ಣೆಯ ದೀಪಕ್ಕೆ ಗ್ಯಾಸಿನ ಹೆಸರೇಕೆಂದು ವಿದ್ಯಾವಂತರು ನಗುವುದುಂಟು. ನಗುವವರೇ ತಪ್ಪಿದರೆಂದು ನನಗೆ ತೋರುತ್ತದೆ. ಪಂಪಿನಿಂದ ತುಂಬಿದ ಗಾಳಿಯು ಎಣ್ಣೆಯನ್ನು ಮೇಲಕ್ಕೊತ್ತಿ, ಆ ಎಣ್ಣೆಯು ಕಾದ ಕೊಳವೆಯಲ್ಲಿ ಆವಿಯಾಗಿ, ನಿಪ್ಪಲ್ಲಿನ ಸೂಕ್ಷ್ಮರಂಧ್ರದಿಂದ ಚಿಮ್ಮಿ, ಹೊರಗಣ ಗಾಳಿಯೊಡನೆ ಬೆರೆತು ಮ್ಯಾಂಟಲಿನೊಳಗೆ ಉರಿಯುವಾಗ ಉರಿಯುತ್ತಿರುವುದು ಗ್ಯಾಸೇ ಅಲ್ಲವೆ? ಆ ಮ್ಯಾಂಟಲಾದರೋ 1891ರಲ್ಲಿ ಆಸ್ಟ್ರಿಯದ ಔಯರ್ ಫಾನ್ ವೆಲ್ಸ್‌ಬಾಖ್ ಪರಿಷ್ಕರಿಸಿದುದು: ನೂರರಲ್ಲಿ 99 ಪಾಲು ಥೋರಿಯಂ, ಒಂದು ಪಾಲು ಸೀರಿಯಂ, ಬಟ್ಟೆ ಸುಟ್ಟುಹೋದ ಮೇಲೆ ಉಳಿಯುವ ಬೂದಿಯೇ ಬೆಳಗುವುದು. ಆ ಥೋರಿಯಂ ಇರುವ ಮೋನಜೈಟ್ ಮರಳನ್ನು 1909ರಲ್ಲಿ ಜರ್ಮನಿಯವನೊಬ್ಬ ತಿರುವಾಂಕೂರಿನ ಕಡಲತೀರದಲ್ಲಿ ಗುರುತಿಸಿದನು.

ನೀಲಗಿರಿಗೂ ಈ ದೀಪಕ್ಕೂ ಇರುವ ಸಂಬಂಧದಲ್ಲಿ ಒಂದು ವಿಡಂಬನೆಯಿದೆ. ಮಸಿನಗುಡಿಯ ಸಮೀಪದ ಸಿಂಗಾರದಲ್ಲಿ ಪೈಕಾರಾ ನೀರಿನಿಂದ 1932ರಲ್ಲಿ ವಿದ್ಯುತ್ತು ಹುಟ್ಟಿತು. ಹುಟ್ಟಿದ ವಿದ್ಯುತ್ತು ಬೆಟ್ಟವಿಳಿದು ಕೊಯಮತ್ತೂರಿನ ಗಿರಣಿಗಳನ್ನು ತಿರುಗಿಸಿತು. ಆದರೆ ಬೆಟ್ಟದ ಮೇಲಿನ ಬಡಗ ಜನರ ಎಷ್ಟೋ ಹಟ್ಟಿಗಳು ಮದುವೆಗೂ ಹಬ್ಬಕ್ಕೂ ಗ್ಯಾಸ್‌ಲೈಟಿನ ಬೆಳಕನ್ನೇ ನೆಚ್ಚಿಕೊಂಡಿದ್ದವು.

ರಿಪೇರಿಯ ವಿಚಾರಕ್ಕೆ ಬರೋಣ. ಬಯಲುಸೀಮೆಯಲ್ಲಿ ಕಲಿತ ವಿದ್ಯೆ ಇಲ್ಲಿ ಅರ್ಧದಷ್ಟೇ ಸಲ್ಲುವುದು. ಪಂಪಿನ ಚರ್ಮದ ವಾಷರ್ ಒಣಗಿದರೆ ತೆಂಗಿನೆಣ್ಣೆ ಸವರಬೇಕೆಂಬುದು ಕೆಳಗಣ ಊರುಗಳ ವಾಡಿಕೆ. ಆದರೆ ಉದಕಮಂಡಲದ ಚಳಿಯಲ್ಲಿ ತೆಂಗಿನೆಣ್ಣೆ ಶೀಸೆಯಲ್ಲಿಯೇ ಹೆಪ್ಪುಗಟ್ಟಿ ಕುಳಿತಿರುವುದರಿಂದ, ಅದನ್ನುಂಡ ಚರ್ಮವೂ ಬಿರುಸಾಗಿ, ಎಷ್ಟು ಒತ್ತಿದರೂ ಗಾಳಿಯನ್ನು ಹಿಡಿಯದು. ಹರಳೆಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ವಾಷರಿನ ಅಂಚನ್ನು ಬೆರಳಿನಿಂದ ಬಟ್ಟಲಿನಂತೆ ಅರಳಿಸಿದರೆ ಮೊದಲನೆಯ ಒತ್ತಿಗೇ ಎದುರೊತ್ತು ಕೈಗೆ ತಿಳಿಯುತ್ತದೆ. ಇನ್ನು ಎತ್ತರದ ತೊಡಕು. ಸುಮಾರು 2,240 ಮೀಟರ್ ಎತ್ತರದ ಈ ಊರಿನ ಗಾಳಿ ಕಡಲಮಟ್ಟದ ಗಾಳಿಯ ಐದರಲ್ಲಿ ನಾಲ್ಕು ಪಾಲಿನಷ್ಟು ಮಾತ್ರ ಸಾಂದ್ರವಾದುದು. ಆದಕಾರಣ ಕೆಳಗೆ ಹಾಲಿನಂತೆ ಬೆಳಗುತ್ತಿದ್ದ ದೀಪವೇ ಇಲ್ಲಿ ಎಣ್ಣೆ ಹೆಚ್ಚಾಗಿ, ಗಾಳಿ ಸಾಲದೆ, ಹಳದಿಯ ನಾಲಗೆಗಳನ್ನು ಚಾಚಿ ಮ್ಯಾಂಟಲಿಗೆ ಮಸಿ ಹಿಡಿಸುವುದು. ಅರಿಯದವನು ಎಣ್ಣೆಯನ್ನು ದೂರುತ್ತಾನೆ, ಮ್ಯಾಂಟಲನ್ನು ದೂರುತ್ತಾನೆ, ಕೊನೆಗೆ ದಪ್ಪ ಸೂಜಿಯೊಂದನ್ನು ತಂದು ನಿಪ್ಪಲ್ಲಿನ ರಂಧ್ರವನ್ನು ಚುಚ್ಚಿ ಹಿಗ್ಗಿಸಿ ರೋಗವನ್ನು ಇಮ್ಮಡಿಗೊಳಿಸುತ್ತಾನೆ. ಬಲ್ಲವನು ನಿಪ್ಪಲ್ಲಿಗೂ ಗಾಳಿ ಬೆರೆಯುವ ಕೊಳವೆಗೂ ನಡುವಣ ಅಂತರವನ್ನು ಕೂದಲೆಳೆಯಷ್ಟು ತಿದ್ದಿ, ಉರಿಯ ಸದ್ದಿಗೆ ಕಿವಿಗೊಟ್ಟು ಕಾಯುತ್ತಾನೆ. ಆ ಸದ್ದು ಸಮವಾಗಿ ನಿಂತಿತೆಂದರೆ ಬೆಳಕನ್ನು ಪರೀಕ್ಷಿಸಬೇಕಾದುದೇ ಇಲ್ಲ.

ಹಾಗೆಂದು ಹಳೆಯ ಮೇಸ್ತ್ರಿಗಳೆಲ್ಲರೂ ಪ್ರಶಂಸಾರ್ಹರೆಂದು ಹೇಳಲಾರೆನು. ಸೋರುವ ತಿರುಪನ್ನು ಇಕ್ಕಳದಿಂದ ಬಿಗಿದು ಹಲ್ಲು ಸವೆಸಿದ ದೀಪಗಳು ನನ್ನ ಕೈಗೇ ಹಲವು ಬಂದಿವೆ. ಅತ್ತ ಶುದ್ಧಿವಾದಿಗಳದು ಇನ್ನೊಂದು ಅತಿರೇಕ: ಹಳೆಯ ಥೋರಿಯಂ ಮ್ಯಾಂಟಲೇ ಆಗಬೇಕೆಂದು ಹಠ ಹಿಡಿಯುವರು, ಅದು ಅಲ್ಪಸ್ವಲ್ಪ ವಿಕಿರಣಶೀಲವೆಂದೂ ಉದುರಿದ ಬೂದಿಯನ್ನು ಉಸಿರಿಗೆಳೆದುಕೊಳ್ಳಬಾರದೆಂದೂ ಹೇಳಿದರೆ ಮುಖ ಸಿಂಡರಿಸುವರು. ಇಟ್ರಿಯಂ ಬೆರೆತ ಈಗಿನ ಮ್ಯಾಂಟಲಿನ ಬೆಳಕು ತುಸು ಮಂಕಾದರೂ ನಾನು ಅದನ್ನೇ ಕಟ್ಟುತ್ತೇನೆ. ಚಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಿ ಯಾವ ಮ್ಯಾಂಟಲಿನ ದೀಪವನ್ನೂ ಉರಿಸಲಾಗದೆಂಬುದು ಬೇರೆ ಮಾತು. ಅದರ ವಿಷಾನಿಲಕ್ಕೆ ವಾಸನೆಯಿಲ್ಲ.

ಉಜ್ಜುವ ವಿಷಯದಲ್ಲಿಯೂ ನನ್ನದು ಅಲ್ಪಮತ. ಈ ದೀಪಗಳ ಹಿತ್ತಾಳೆಯ ಮೇಲೆ ನಿಕ್ಕಲ್ಲಿನ ಲೇಪವಿದ್ದುದನ್ನು ಮರೆತು, ಅದನ್ನು ಕಿತ್ತು ಚಿನ್ನದ ಹೊಳಪು ಬರಿಸುವವರು, ತಯಾರಕನ ಮುದ್ರೆಯನ್ನೂ ಅದರೊಡನೆಯೇ ಅಳಿಸಿಬಿಡುತ್ತಾರೆ. ನನ್ನಲ್ಲಿರುವ ದೀಪದ ಅಡಿಯಲ್ಲಿ ಗೂಡಲೂರಿನ ಪೇಟೆಯಲ್ಲಿ ಎಂದೋ ಯಾರೋ ಹಾಕಿದ ಸೀಸದ ಬೆಸುಗೆಯೊಂದು ಹೆಬ್ಬೆರಳಿನಗಲಕ್ಕೆ ಒರಟಾಗಿ ನಿಂತಿದೆ. ಅದನ್ನು ಅರದಿಂದ ತೀಡಿ ಕಣ್ಣಿಗೆ ಕಾಣದಂತೆ ಮಾಡಿಕೊಡುವುದಾಗಿ ಮಿತ್ರರೊಬ್ಬರು ಹೇಳಿದರು. ಒತ್ತಡಮಾಪಕದ ಮುಳ್ಳು ಕೆಂಪುಗೆರೆಗೆ ಬರುವವರೆಗೆ ಗಾಳಿ ತುಂಬಿ, ಟ್ಯಾಂಕಿಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ತೋರಿಸಿದೆನು. ಬೆಸುಗೆಯ ಸುತ್ತ ಒಂದು ಗುಳ್ಳೆಯೂ ಏಳಲಿಲ್ಲ. ಮಿತ್ರರು ಅರವನ್ನು ಚೀಲಕ್ಕೆ ಸೇರಿಸಿದರು.