ಹಗೇವೂ ಪೇಟೆಯೂ: ಕ್ಷಾಮವಿಚಾರದ ಒಂದು ಪರಾಮರ್ಶೆ

ಅಮರ್ತ್ಯ ಸೇನರು 1981ರಲ್ಲಿ ಪ್ರಕಟಿಸಿದ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’ ಎಂಬ ಗ್ರಂಥವು ಕ್ಷಾಮವಿಚಾರದ ದಿಕ್ಕನ್ನೇ ಬದಲಿಸಿತೆಂಬುದು ನಿರ್ವಿವಾದ. ನಾಡಿನಲ್ಲಿ ಧಾನ್ಯವಿದ್ದರೂ ಅದನ್ನು ಪಡೆಯುವ ಶಕ್ತಿಯಿಲ್ಲದವರು ಹಸಿವಿನಿಂದ ಮಡಿಯಬಹುದು. 1943ರ ಬಂಗಾಳದಲ್ಲಿ ಅಕ್ಕಿಯ ಧಾರಣೆ ಏರಿದಂತೆ ಕೂಲಿ ಏರಲಿಲ್ಲ ಎಂಬುದು ಅವರ ವಾದದ ತಿರುಳು. ಇದನ್ನು ನಾವು ಒಪ್ಪುತ್ತೇವೆ. ಆದರೆ ಉಮ್ಮತ್ತೂರಿನಂತಹ ಬೆದ್ದಲು ಸೀಮೆಯಲ್ಲಿ ನಿಂತು ಓದಿದಾಗ ಒಂದು ಕೊರತೆ ಕಾಣುತ್ತದೆ. ಧಾನ್ಯಸಂಗ್ರಹಕ್ಕೆ ಸಲ್ಲಬೇಕಾದ ಸ್ಥಾನ ಅಲ್ಲಿ ಸಂದಿಲ್ಲವೆಂದು ನಮ್ಮ ಅಭಿಪ್ರಾಯ.

ರಾಗಿಯು ಹುಳು ಹಿಡಿಯದೆ ಬಹುವರ್ಷ ಬಾಳುವ ಧಾನ್ಯ. ಅದನ್ನು ಹಗೇವಿನಲ್ಲಿ ತುಂಬಿಟ್ಟ ಒಕ್ಕಲಿಗನು ಸುಗ್ಗಿಯಲ್ಲಿ ಅಗ್ಗಕ್ಕೆ ಮಾರಿ ಮಳೆಗಾಲದಲ್ಲಿ ದುಬಾರಿಗೆ ಕೊಳ್ಳಬೇಕಾಗಿರಲಿಲ್ಲ. ಹಗೇವಿಲ್ಲದ ಕೂಲಿಕಾರನಿಗಾದರೋ ಪೇಟೆಯ ಧಾರಣೆಯೇ ವಿಧಿಯಾಗಿತ್ತು.

1876–78ರ, ಧಾತು ಈಶ್ವರ ಸಂವತ್ಸರಗಳ ಬರ ಈ ಭೇದವನ್ನೇ ಅಳಿಸಿತು. ಮಳೆಗಾಲಗಳು ಒಂದರ ಹಿಂದೊಂದು ಕೈಕೊಟ್ಟು ಸಂಗ್ರಹ ಕರಗಿದ ಮೇಲೆ ಒಕ್ಕಲಿಗನೂ ಕೂಲಿಕಾರನೂ ಒಂದೇ ಅಂಗಡಿಯ ಮುಂದೆ ನಿಲ್ಲಬೇಕಾಯಿತು. ಬೆಂಗಳೂರಿಗೆ 1864ರಲ್ಲಿಯೇ ರೈಲು ಬಂದಿದ್ದರೂ ಮೈಸೂರಿಗೆ ಬಂದುದು 1882ರಲ್ಲಿ. ಅಲ್ಲಿಯವರೆಗೆ ದಕ್ಷಿಣದ ತಾಲ್ಲೂಕುಗಳಿಗೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು.

ಈ ಪ್ರಶ್ನೆ ಕೇವಲ ಗತಕಾಲದ್ದಲ್ಲ. 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ದೊರೆಯದೆ, ಕರ್ನಾಟಕ ಸರ್ಕಾರವು ಕಿಲೋಗೆ 34 ರೂಪಾಯಿಯಂತೆ 5 ಕಿಲೋಗೆ 170 ರೂಪಾಯಿಯನ್ನು ಪ್ರತಿಯೊಬ್ಬ ಫಲಾನುಭವಿಯ ಲೆಕ್ಕದಲ್ಲಿ ಪಾವತಿಮಾಡತೊಡಗಿತು. ಹಣವೂ ಅನ್ನವನ್ನು ಪಡೆಯುವ ಶಕ್ತಿಯೇ ಎಂದು ಸೇನರ ಅನುಯಾಯಿಗಳು ಹೇಳಬಹುದು. ನಿಜ. ಆದರೆ ಅಂಗಡಿಯ ಧಾರಣೆ 34ನ್ನು ಮೀರಿದ ದಿನ ಆ ಏರಿಕೆಯ ಹೊರೆ ಕೊಳ್ಳುವವನದೇ. ಐದು ಕಿಲೋ ಅಕ್ಕಿ ಮಾತ್ರ ಎಂದಿಗೂ ಐದು ಕಿಲೋ. 2025ರಲ್ಲಿ ಹಣದ ಬದಲು ಅಕ್ಕಿಯನ್ನೇ ಕೊಡಲು ಸರ್ಕಾರ ನಿರ್ಧರಿಸಿತು. ಪಡಿತರದ ಉಗ್ರಾಣವು ಹಗೇವಿಲ್ಲದವನ ಹಗೇವು.

ಆದುದರಿಂದ ಕ್ಷಾಮದ ಚರಿತ್ರೆಯನ್ನು ಬರೆಯುವವರು ಪಟ್ಟಣದ ಧಾರಣೆಯ ಪಟ್ಟಿಯೊಂದನ್ನೇ ನೆಚ್ಚಬಾರದು. ಯಾರ ಮನೆಯಲ್ಲಿ ಎಷ್ಟು ತಿಂಗಳ ಕಾಳಿತ್ತು ಎಂಬುದನ್ನೂ ವಿಚಾರಿಸಬೇಕು. ಕೃಷ್ಣದೇವರಾಯನ ದಂಡಯಾತ್ರೆಯ ಪ್ರಸಂಗದಲ್ಲಿ ನಾವು ಇತಿಹಾಸದ ಅಧ್ಯಾಪಕರು ಉಮ್ಮತ್ತೂರನ್ನು ತಪ್ಪದೆ ಹೆಸರಿಸುತ್ತೇವೆ. ಆ ಸೀಮೆಯ ಹಗೇವುಗಳ ಮಾತನ್ನು ಮಾತ್ರ ಎತ್ತುವುದಿಲ್ಲ. ಈ ಲೋಪ ನಮ್ಮದು.