ಯಾರದೋ ದುಡ್ಡು, ಬ್ಲೂ-ರೇ ಜಾತ್ರೆ

2006ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಇ3 ಮೇಳದಲ್ಲಿ ಸೋನಿ ತನ್ನ ಆಟದ ಯಂತ್ರ ಪ್ಲೇಸ್ಟೇಷನ್ 3ರ (ಪಿಎಸ್3) ಬೆಲೆ ಹೇಳಿತು. 20 ಜಿಬಿ ಮಾದರಿಗೆ 499 ಡಾಲರ್, 60 ಜಿಬಿಯದಕ್ಕೆ 599. ಪ್ಲೇಸ್ಟೇಷನ್ 2 ಅಮೆರಿಕದ ಅಂಗಡಿಗೆ ಬಂದಾಗ ಬೆಲೆ ಇದ್ದದ್ದು 299. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಆಗಲೇ 299 ಮತ್ತು 399 ಡಾಲರಿಗೆ ಮಾರಾಟವಾಗುತ್ತಿತ್ತು. ಕೆಲವೇ ತಿಂಗಳಲ್ಲಿ ನಿಂಟೆಂಡೊದ ವೀ 249ಕ್ಕೆ ಬಂತು. ಸೋನಿಯ ಯಂತ್ರ ಇಷ್ಟು ದುಬಾರಿಯಾಗಲು ಸೆಲ್ ಪ್ರೊಸೆಸರ್ ಒಂದು ಕಾರಣ, ಒಳಗಿದ್ದ ಬ್ಲೂ-ರೇ ಡ್ರೈವ್ ಇನ್ನೊಂದು. ಪ್ಲೇಸ್ಟೇಷನ್‌ನ ಜನಕ ಕೆನ್ ಕುಟರಾಗಿ ಈ ಬೆಲೆ ಬಹುಶಃ ತೀರಾ ಕಡಿಮೆಯೇ ಆಯಿತು ಎಂಬರ್ಥದ ಮಾತಾಡಿದರು. ಅಂಥ ಧೈರ್ಯಕ್ಕೆ ನಮಸ್ಕಾರ ಹೇಳಲೇಬೇಕು.

ಆ ಡ್ರೈವ್‌ನಿಂದ ಆಟ ಆಡುವವನಿಗೆ ಆದ ಲಾಭ ಏನು? ಸಿನಿಮಾ ನೋಡುವವನ ಲಾಭ ಬೇರೆ ಮಾತು.

ಎಂಜಿನಿಯರಿಂಗ್ ದೃಷ್ಟಿಯಿಂದ ಬ್ಲೂ-ರೇಯೇ ಮೇಲು, ಅದರಲ್ಲಿ ಅನುಮಾನವಿಲ್ಲ. ತೋಷಿಬಾ ಮುಂದೆ ನಿಂತು ಬೆಳೆಸಿದ ಪ್ರತಿಸ್ಪರ್ಧಿ ಡಿಸ್ಕ್ ಎಚ್‌ಡಿ ಡಿವಿಡಿಯೂ ಬ್ಲೂ-ರೇಯೂ ಬಳಸಿದ್ದು ಒಂದೇ 405 ನ್ಯಾನೋಮೀಟರ್‌ನ ನೀಲಿ-ನೇರಳೆ ಲೇಸರ್. ವ್ಯತ್ಯಾಸ ಇದ್ದದ್ದು ದತ್ತಾಂಶದ ಪದರ ಎಷ್ಟು ಆಳದಲ್ಲಿದೆ ಎಂಬುದರಲ್ಲಿ. ಎಚ್‌ಡಿ ಡಿವಿಡಿಯಲ್ಲಿ ಅದು ಹಳೆಯ ಡಿವಿಡಿಯಂತೆಯೇ 0.6 ಮಿಲಿಮೀಟರ್ ಕೆಳಗೆ, ಬ್ಲೂ-ರೇಯಲ್ಲಿ 0.1 ಮಿಲಿಮೀಟರ್ ಕೆಳಗೆ. ಪದರ ಮೇಲ್ಮೈಗೆ ಹತ್ತಿರವಿದ್ದಷ್ಟೂ ಹೆಚ್ಚು ಶಕ್ತಿಯ ಮಸೂರ ಬಳಸಿ ಬೆಳಕನ್ನು ಇನ್ನೂ ಸಣ್ಣ ಚುಕ್ಕೆಗೆ ಇಳಿಸಬಹುದು. ಹಾಗಾಗಿ ಬ್ಲೂ-ರೇಯ ಒಂದು ಪದರಕ್ಕೆ 25 ಜಿಬಿ ಹಿಡಿದರೆ ಎಚ್‌ಡಿ ಡಿವಿಡಿಗೆ 15. ಆದರೆ ಅಷ್ಟು ತೆಳುವಾದ ಹೊದಿಕೆ ಒಂದು ಗೀರಿಗೇ ಕೆಡುತ್ತದೆ. ಅದಕ್ಕಾಗಿ ಟಿಡಿಕೆಯಂಥ ಕಂಪನಿಗಳು ಗಟ್ಟಿ ಲೇಪ ಕಂಡುಹಿಡಿಯಬೇಕಾಯಿತು. ಎಚ್‌ಡಿ ಡಿವಿಡಿಗೆ ಈ ತಾಪತ್ರಯ ಇರಲಿಲ್ಲ. ಇದ್ದ ಡಿವಿಡಿ ಕಾರ್ಖಾನೆಯನ್ನೇ ಸ್ವಲ್ಪ ಬದಲಿಸಿಕೊಂಡು ಅಗ್ಗದಲ್ಲಿ ತಯಾರಿಸಬಹುದಿತ್ತು. ಪರದೆಯ ಮೇಲೆ ಒಂದೇ ಸಿನಿಮಾದ ಎರಡೂ ಡಿಸ್ಕ್ ಹಾಕಿ ನೋಡಿದರೆ ಯಾವುದು ಯಾವುದೆಂದು ಹೇಳುವುದು ಕಷ್ಟ.

ಆಟಕ್ಕೆ ಬೇಕಾದದ್ದು ಜಾಗ ಮಾತ್ರವಲ್ಲ, ವೇಗವೂ. ಪಿಎಸ್3ರ ಡ್ರೈವ್ ಸೆಕೆಂಡಿಗೆ ಸುಮಾರು 9 ಎಂಬಿ ಓದುತ್ತಿತ್ತು. ಎಕ್ಸ್‌ಬಾಕ್ಸ್‌ನ 12 ಪಟ್ಟು ವೇಗದ ಡಿವಿಡಿ ಡ್ರೈವ್ ಡಿಸ್ಕಿನ ಹೊರ ಅಂಚಿನಲ್ಲಿ 15 ಎಂಬಿ ದಾಟುತ್ತಿತ್ತು. ದುಬಾರಿ ಯಂತ್ರದ್ದೇ ನಿಧಾನದ ಡ್ರೈವ್! ಪರಿಣಾಮವಾಗಿ, ಆಡುವ ಮೊದಲು ಆಟದ ಭಾಗಗಳನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳುವುದು ಪಿಎಸ್3ರಲ್ಲಿ ವಾಡಿಕೆಯಾಯಿತು. 'ಡೆವಿಲ್ ಮೇ ಕ್ರೈ 4' ಆಡಲು 5 ಜಿಬಿಯಷ್ಟು ನಕಲಾಗುವವರೆಗೆ ಕಾಯಬೇಕು. ಇಮ್ಮಡಿ ಪದರದ 50 ಜಿಬಿ ಡಿಸ್ಕಿನಲ್ಲಿ ಬಂದ 'ಮೆಟಲ್ ಗಿಯರ್ ಸಾಲಿಡ್ 4' ಇನ್ಸ್ಟಾಲ್ ಆಗುವಷ್ಟು ಹೊತ್ತೂ ನಾಯಕ ಸ್ನೇಕ್ ಪರದೆಯ ಮೇಲೆ ಸಿಗರೇಟು ಸೇದುತ್ತ ಕೂತಿರುತ್ತಾನೆ. ಆಟ ಮಾಡಿದವರಿಗೂ ವಿಷಯ ಗೊತ್ತಿತ್ತು ಅನ್ನಿಸುತ್ತದೆ.

ಜಾಗದ ವಾದ ಪೂರ್ತಿ ಸುಳ್ಳೇನಲ್ಲ. ಎಕ್ಸ್‌ಬಾಕ್ಸ್‌ನ 'ಲಾಸ್ಟ್ ಒಡಿಸ್ಸಿ' ನಾಲ್ಕು ಡಿವಿಡಿಗಳಲ್ಲಿ ಬಂತು. 'ಫೈನಲ್ ಫ್ಯಾಂಟಸಿ 13' ಪಿಎಸ್3ಕ್ಕೆ ಒಂದು ಡಿಸ್ಕ್, ಎಕ್ಸ್‌ಬಾಕ್ಸ್‌ಗೆ ಮೂರು. ಆದರೆ ಇವೆಲ್ಲ ಸಿನಿಮಾ ತುಣುಕುಗಳನ್ನು ತುಂಬಿಕೊಂಡ ಆಟಗಳು. ಒಂದಿಡೀ ನಗರವನ್ನೇ ಕಟ್ಟಿಕೊಟ್ಟ 'ಗ್ರ್ಯಾಂಡ್ ಥೆಫ್ಟ್ ಆಟೋ 4' 2008ರಲ್ಲಿ ಎಕ್ಸ್‌ಬಾಕ್ಸ್‌ನ ಒಂದೇ ಡಿವಿಡಿಯಲ್ಲಿ ಹಿಡಿಸಿತು.

ಮೈಕ್ರೋಸಾಫ್ಟ್ ನಡೆದುಕೊಂಡ ರೀತಿ ಹೆಚ್ಚು ಪ್ರಾಮಾಣಿಕವಾದದ್ದು ಎಂದು ನನಗೆ ಕಾಣುತ್ತದೆ. ಎಚ್‌ಡಿ ಡಿವಿಡಿ ಡ್ರೈವನ್ನು ಅದು ಹೊರಗಿನಿಂದ ಜೋಡಿಸುವ ಪೆಟ್ಟಿಗೆಯಾಗಿ 199 ಡಾಲರಿಗೆ ಮಾರಿತು, ಜೊತೆಗೆ 'ಕಿಂಗ್ ಕಾಂಗ್' ಸಿನಿಮಾ ಕೊಟ್ಟಿತು. ಬೇಕಾದವನು ಕೊಂಡ, ಬೇಡದವನು ಬಿಟ್ಟ. ಹಾಗೆಂದು ಆ ಕಂಪನಿಯನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಉತ್ಕೃಷ್ಟ ಚಿತ್ರದ ಯುಗ ಬಂತೆಂದು ಸಾರಿದ ಅದರ ಮೊದಲ ಯಂತ್ರಗಳಲ್ಲಿ ಎಚ್‌ಡಿಎಂಐ ಕಿಂಡಿಯೇ ಇರಲಿಲ್ಲ. ಕೆಂಪು ದೀಪ ಹೊತ್ತಿಸಿಕೊಂಡು ಸತ್ತುಹೋಗುವ ಕಾಯಿಲೆಯಂತೂ ಎಷ್ಟಿತ್ತೆಂದರೆ, 2007ರ ಜುಲೈನಲ್ಲಿ ವಾರಂಟಿಯನ್ನು ಮೂರು ವರ್ಷಕ್ಕೆ ಹೆಚ್ಚಿಸಿ ನೂರು ಕೋಟಿ ಡಾಲರಿಗೂ ಮಿಕ್ಕಿ ಹಣ ತೆಗೆದಿಡಬೇಕಾಯಿತು.

ವೀ ಈ ಜಗಳಕ್ಕೇ ಬರಲಿಲ್ಲ. ಎಚ್‌ಡಿ ಚಿತ್ರವಿಲ್ಲ, ಡಿವಿಡಿ ಸಿನಿಮಾ ಕೂಡ ಓಡುವುದಿಲ್ಲ. ಕೈಯಾಡಿಸಿ ಟೆನಿಸ್ ಆಡುವ ಆ ಪುಟ್ಟ ಯಂತ್ರ 10 ಕೋಟಿಗೂ ಹೆಚ್ಚು ಮಾರಾಟವಾಗಿ ಎರಡನ್ನೂ ಹಿಂದಿಕ್ಕಿತು.

2008ರ ಜನವರಿ 4ರಂದು ವಾರ್ನರ್ ಬ್ರದರ್ಸ್ ಇನ್ನು ಮುಂದೆ ಬ್ಲೂ-ರೇ ಮಾತ್ರ ಎಂದಿತು; ಫೆಬ್ರುವರಿ 19ಕ್ಕೆ ತೋಷಿಬಾ ಕೈಚೆಲ್ಲಿತು. ಮನೆಮನೆ ಸೇರಿದ್ದ ಪಿಎಸ್3ಗಳೇ ಬ್ಲೂ-ರೇಯನ್ನು ದಡ ಮುಟ್ಟಿಸಿದವು. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ: 2007ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಸೋನಿಯ ಆಟದ ವಿಭಾಗದ ನಷ್ಟ 23,230 ಕೋಟಿ ಯೆನ್. ನ್ಯಾಯಾಲಯದ ವ್ಯಾಜ್ಯಕ್ಕೆ ನಾವು ಹೇಳುವ 'ಗೆದ್ದವ ಸೋತ, ಸೋತವ ಸತ್ತ' ಎಂಬ ಮಾತು ಈ ಡಿಸ್ಕುಗಳ ವ್ಯಾಜ್ಯಕ್ಕೂ ಒಪ್ಪುತ್ತದೆ.

ಭಾರತಕ್ಕೆ ಪಿಎಸ್3 ಬಂದದ್ದು 2007ರಲ್ಲಿ, ಸುಮಾರು ನಲವತ್ತು ಸಾವಿರ ರೂಪಾಯಿಗೆ. ದೂರದರ್ಶನದ ಎಚ್‌ಡಿ ಪ್ರಸಾರ ಶುರುವಾದದ್ದೇ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ. ಹಳೆಯ ದಪ್ಪ ಟಿವಿಗೆ ಹಳದಿ ವೈರಿನಲ್ಲಿ ಈ ಯಂತ್ರ ಜೋಡಿಸಿ ಆಡಿದ ಬೆಂಗಳೂರಿನ ಹುಡುಗರು ಕಣ್ಣಿಗೆ ಕಾಣದ ಸೌಂದರ್ಯಕ್ಕೆ ದುಡ್ಡು ಕೊಟ್ಟವರು.

ಸಿನಿಮಾ ನೋಡುವ ಯಂತ್ರವಾಗಿ ಆರಂಭದ ಪಿಎಸ್3 ಬೆಲೆಗೆ ತಕ್ಕ ಮಾಲು, ಅನುಮಾನವಿಲ್ಲ. ಆಗ ಬಿಡಿ ಬ್ಲೂ-ರೇ ಪ್ಲೇಯರೇ ಸಾವಿರ ಡಾಲರ್ ಇತ್ತು. ಆಟದ ಯಂತ್ರವಾಗಿ ಅದು 2009ರಲ್ಲಿ ತೆಳುವಾದ ಮಾದರಿ 299 ಡಾಲರಿಗೆ ಇಳಿಯುವವರೆಗೂ ಕೊಳ್ಳಬಾರದ ಯಂತ್ರವಾಗಿತ್ತು ಎಂಬುದು ನನ್ನ ತೀರ್ಮಾನ. 2024ರ ನವೆಂಬರ್‌ನಲ್ಲಿ ಸೋನಿ 699 ಡಾಲರಿಗೆ ಮಾರುಕಟ್ಟೆಗೆ ಬಿಟ್ಟ ಪಿಎಸ್5 ಪ್ರೊನಲ್ಲಿ ಡಿಸ್ಕ್ ಡ್ರೈವ್ ಇಲ್ಲ. ಬೇಕಾದವರು ಬೇರೆಯಾಗಿ ಕೊಳ್ಳಬೇಕು.